ಎದುರುಗಾಲಿನವಳ ಮೆಟ್ಟು

ರೊಳ್ಳ
8-1-2024

ಅಕ್ಕ ಉಜ್ಜಿನಮ್ಮನಿಗೆ ತಮ್ಮ ಕದಿರಪ್ಪನ ನಮಸ್ಕಾರ.

ಕಾಗದ ನೋಡಿದ ಕೂಡಲೇ ಹರಿದು ಹಾಕಬೇಡ. ಪೂರ್ತಿ ಓದಿ ಆಮೇಲೆ ಹರಿ. ಏಳು ವರ್ಷದ ಹಿಂದೆ ನನ್ನ ಮಗ ಮಾರುತಿಯ ಮದುವೆ ಮಾತಿನಲ್ಲಿ ಜಗಳವಾಗಿ, ಮನೆದೇವರ ಮುಂದೆ ಕರ್ಪೂರ ಮುಟ್ಟಿ ನಾವಿಬ್ಬರೂ ಆಣೆ ಇಟ್ಟಿದ್ದನ್ನು ನಾನು ಮರೆತಿಲ್ಲ. ಯಾರು ಮೊದಲು ಬಾಯಿ ಬಿಟ್ಟು ಮಾತಾಡುತ್ತಾರೋ ಅವರ ಕಾಲು ಬಿದ್ದುಹೋಗಲಿ ಎಂದು ನೀನು ಹೇಳಿದೆ, ನಾನೂ ಹೂಂ ಎಂದೆ. ಮೊನ್ನೆ ಪೂಜಾರಿ ಬೊಮ್ಮಣ್ಣನನ್ನು ಕೇಳಿದೆ. "ಆಣೆ ಬಾಯಿಗೈತೆ ಕಣಪ್ಪ, ಕೈಗಿಲ್ಲ. ಬರ್ಕೋ ಓಗು" ಎಂದ. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಅದೂ ಬಾಯಿಯೇ ಆಯಿತು.

ವಿಷಯ ಏನೆಂದರೆ ನನ್ನ ಬೆನ್ನು ಹಿಡಿದಿದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ದಿಬ್ಬ ಏರಿ ಬರುವಾಗ, ಬೆನ್ನಿನ ಎರಡು ಹೆಗಲ ರೆಕ್ಕೆಯ ನಡುವೆ ಯಾರೋ ಚಪ್ಪಡಿ ಕಲ್ಲು ಇಟ್ಟ ಹಾಗೆ ಆಗುತ್ತದೆ. ಹೊರೆ ಇಳಿಸಿ ಕೂತರೆ ಹೋಗುತ್ತದೆ. ಮತ್ತೆ ಹೊತ್ತರೆ ಬರುತ್ತದೆ.

ನೀನು ಎದುರುಗಾಲಿನವಳು. ತಲೆ ಬರುವ ಕಡೆ ಕಾಲು ಮುಂದೆ ಮಾಡಿ ಹುಟ್ಟಿದವಳು ಎಂದು ಅವ್ವ ಹೇಳುತ್ತಿದ್ದಳು. ಬೆನ್ನು ಹಿಡಿದವರು ನಮ್ಮ ಜಗಲಿಯಲ್ಲಿ ಬೋರಲು ಮಲಗಿ ನಿನ್ನ ಕೈ ಹಿಡಿದು ಬೆನ್ನ ಮೇಲೆ ಹತ್ತಿಸಿಕೊಳ್ಳುತ್ತಿದ್ದುದನ್ನು ನೋಡುತ್ತಲೇ ನಾನು ಬೆಳೆದವನು. ಒಂದು ಸಲ ಬಂದು ನನ್ನ ಬೆನ್ನ ಮೇಲೂ ಕಾಲಿಟ್ಟು ಹೋಗು. ತುಳಿಯಲು ಬಾಯಿ ಬೇಕಿಲ್ಲ. ಬಾ, ತುಳಿ, ಉಂಡು ಹೋಗು.

ಬೇರೆ ಏನೂ ಇಲ್ಲ. ವಯಸ್ಸಿನ ನೋವು, ಅಷ್ಟೆ.

ಕದಿರಪ್ಪ


ಓಬಳಾಪುರ
19-1-2024

ಕದಿರಪ್ಪನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿದ್ದರೆ ಕಾಗದ ಬರೆಯುವ ಗಿರಾಕಿ ನೀನಲ್ಲ.

ಬೆನ್ನು ಹಿಡಿದ ಮೇಲೆ ಅಕ್ಕನ ಕಾಲು ನೆನಪಾಯಿತು. ನನ್ನ ಮಗಳು ಹೇಮಾಳನ್ನು ನಿನ್ನ ಮಾರುತಿಗೆ ತರುತ್ತೇನೆಂದು ತೊಟ್ಟಿಲಲ್ಲೇ ಮಾತು ಕೊಟ್ಟವನು, ಹುಡುಗಿ ಬೆಳೆದು ನಿಂತ ಮೇಲೆ ಯಾರದೋ ಮನೆಯ ಅರ್ಚನಾಳನ್ನು ತಂದೆಯಲ್ಲ, ಅವತ್ತು ಅಕ್ಕನ ಮುಖ ನೆನಪಾಗಲಿಲ್ಲವೇ? ಹೇಮಾ ಈಗ ಕಲ್ಯಾಣದುರ್ಗದಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಅದು ಬೇರೆ. ಕೊಟ್ಟ ಮಾತು ಕೊಟ್ಟ ಮಾತೇ.

ದೇವರ ಮುಂದಿನ ಆಣೆಗೆ ಕಿಂಡಿ ಹುಡುಕಿ ಕೊಡುವ ಪೂಜಾರಿಯನ್ನು ನಾನು ಇದೇ ಮೊದಲು ಕೇಳಿದ್ದು. ಇರಲಿ. ನಿನಗೆ ಕಿಂಡಿಯಾದರೆ ನನಗೂ ಕಿಂಡಿಯೇ. ನನ್ನನ್ನು ನಾಲ್ಕನೆಯ ಕ್ಲಾಸಿಗೆ ಬಿಡಿಸಿ ಕುರಿ ಹಿಂದೆ ಅಟ್ಟಿದರು, ನಿನ್ನನ್ನು ಏಳರವರೆಗೂ ಕಳಿಸಿದರು. ಆದರೂ ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ.

ನಾನು ಬರುವುದಿಲ್ಲ. ಇಲ್ಲಿ ಕುರಿಗಳಿವೆ, ಜನ ಬರುತ್ತಾರೆ. ಗಡಿ ಆಚೆಯ ಗಣಿಗೆ ಲಾರಿ ಓಡಿಸುವವರ ಸೊಂಟ, ಬೆನ್ನು, ಕುತ್ತಿಗೆ ಎಲ್ಲ ನನ್ನ ಜಗಲಿಯಲ್ಲೇ ರಿಪೇರಿ. "ಅವ್ವಾ, ಒಂದ್ಸಲ ಕಾಲಿಡ್ರಿ" ಎಂದು ಬೋರಲು ಬೀಳುತ್ತಾರೆ. ಅವರನ್ನು ಬಿಟ್ಟು ನಿನ್ನ ಬೆನ್ನು ಹುಡುಕಿಕೊಂಡು ಬರಬೇಕೇನು? ನೋವು ಯಾರದೋ ಅವರು ಬರಬೇಕು. ಮಡಕಶಿರಾದಲ್ಲಿ ಬಸ್ಸು ಹತ್ತು, ಪಾವಗಡ, ಕಲ್ಯಾಣದುರ್ಗ ದಾಟಿ ರಾಯದುರ್ಗದಲ್ಲಿ ಇಳಿ. ಬಾಯಿ ಮುಚ್ಚಿಕೊಂಡು ಬಾ. ತುಳಿದು ಕಳಿಸುತ್ತೇನೆ.

ಅಲ್ಲಿಯವರೆಗೆ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಸಿಕೊಂಡು ಉಪ್ಪಿನ ಗಂಟಿನ ಕಾವು ಕೊಡು. ತುಳಿತಕ್ಕೆ ಹೋಗದ ಬೆನ್ನು ನೋವನ್ನು ನಾನು ಕಂಡಿಲ್ಲ.

ಉಜ್ಜಿನಮ್ಮ


ರೊಳ್ಳ
6-2-2024

ಅಕ್ಕನಿಗೆ,

ಬರಬೇಕೆಂದಿದ್ದೆ. ಆಗಲಿಲ್ಲ. ರೇಷ್ಮೆ ಹುಳು ಕೊನೆಯ ನಿದ್ದೆ ಬಿಟ್ಟು ಎದ್ದಿವೆ. ಈಗ ಅವಕ್ಕೆ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ. ಮಾರುತಿ ಹಗಲೆಲ್ಲ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಕೆಲಸಕ್ಕೆ ಹೋಗುತ್ತಾನೆ. ಸೊಪ್ಪು ತರುವವನು ನಾನೇ.

ಕಾವು ಕೊಟ್ಟೆ, ಎಣ್ಣೆ ಹಚ್ಚಿದೆ. ಹಾಗೇ ಇದೆ. ಈಗ ಎಡತೋಳಿಗೂ ಜೋಮು ಇಳಿಯುತ್ತದೆ, ಕೆಲವು ಸಲ ದವಡೆ ಹಿಡಿದ ಹಾಗಾಗುತ್ತದೆ. ಇಲ್ಲಿನ ಸೂಜಿ ಡಾಕ್ಟರು ಗ್ಯಾಸು ಎಂದ. ಮಾತ್ರೆ ಕೊಟ್ಟ. ತೇಗು ಬಂತು, ನೋವು ಹೋಗಲಿಲ್ಲ. ಅರ್ಚನಾ ಹಿಂದೂಪುರಕ್ಕೆ ಹೋಗೋಣ ಎಂದು ದಿನಾ ಹಟ ಮಾಡುತ್ತಾಳೆ. ಅಲ್ಲಿ ಎದೆಗೆ ವೈರು ಹಚ್ಚಿ ಇಸಿಜಿ ಕಾಗದದ ಪಟ್ಟಿ ತೆಗೆಯುತ್ತಾರಂತೆ. "ಏನಮ್ಮಾ, ಕಳ್ಳ ಮನೆ ಇಂದೆ ಇತ್ಲಾಗವ್ನೆ ಅಂದ್ರೆ ನೀನು ಮುಂದ್ಲ ಬಾಗ್ಲಾಗೆ ಉಡುಕ್ತೀಯಲ್ಲ" ಎಂದೆ. ನಗಲಿಲ್ಲ. ಈ ಕಾಲದ ಹುಡುಗಿಯರಿಗೆ ನಗುವುದೇ ಗೊತ್ತಿಲ್ಲ.

ಕುರಿ ನೆಪ ನನಗೆ ಹೇಳಬೇಡ. ಕುರಿ ನೋಡಲು ನಿನ್ನ ಮಗ ತಿಪ್ಪೇಸ್ವಾಮಿ ಇದ್ದಾನೆ. ನೀನು ಬಾರದಿರುವುದು ಸಿಟ್ಟಿಗೆ. ಗೊತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಮಲಗಿ ಬಂದವರು ನಾವು. ಇಷ್ಟು ಸಿಟ್ಟು ಅವ್ವನಿಗೂ ಇರಲಿಲ್ಲ.

ಕದಿರಪ್ಪ

ಅತ್ತೆಯವರಿಗೆ ಅರ್ಚನಾಳ ನಮಸ್ಕಾರ. ಟಪಾಲಿಗೆ ಹಾಕಲು ಕೊಟ್ಟ ಕಾಗದದ ಕೊನೆಗೆ ಮಾವನವರಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ, ಬೈಯಬೇಡಿ. ಮೊನ್ನೆ ದಿಬ್ಬದ ಹುಣಸೆ ಮರದ ಕೆಳಗೆ ಕೂತುಬಿಟ್ಟಿದ್ದರು. ಪುಷ್ಯದ ಚಳಿಯಲ್ಲಿ ಅಂಗಿ ಹಿಂಡಿದರೆ ನೀರು ಬರುವ ಹಾಗೆ ಬೆವೆತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದನ್ನು ನಿಮಗೆ ಬರೆದಿರಲಾರರು. ನಮ್ಮ ಮಾತು ಕೇಳುವುದಿಲ್ಲ. ಆಸ್ಪತ್ರೆಗೆ ಹೋಗು ಎಂದು ನೀವು ಒಂದು ಮಾತು ಬರೆದರೆ ಕೇಳುತ್ತಾರೆ.


ಓಬಳಾಪುರ
15-2-2024

ಕದಿರಪ್ಪನಿಗೆ,

ನಿನ್ನ ಕಾಗದದ ಕೊನೆಯಲ್ಲಿ ಬರೆದವಳಿಗೆ ಹೇಳು, ಅಕ್ಷರ ದುಂಡಗಿದೆ. ಅಷ್ಟೇ ಹೇಳು.

ದುಡಿಯುವ ಮೈ ಬೆವರುತ್ತದೆ. ಅದಕ್ಕೆಲ್ಲ ಆಸ್ಪತ್ರೆ ಎಂದರೆ ನಮ್ಮ ಅಪ್ಪ ಆಸ್ಪತ್ರೆಯಲ್ಲೇ ಮನೆ ಕಟ್ಟಬೇಕಿತ್ತು. ನಿನ್ನ ಹಿಡಿತ ಬೆನ್ನಿನಿಂದ ತೋಳಿಗೆ ಇಳಿದಿದೆ, ಬಿಟ್ಟರೆ ಕೈಬೆರಳಿಗೂ ಇಳಿಯುತ್ತದೆ. ತುಳಿತ ಬಿದ್ದಿದ್ದರೆ ಮೊದಲೇ ಹೋಗುತ್ತಿತ್ತು.

ನಾನು ಬರುವುದಿಲ್ಲ ಎಂದರೆ ಬರುವುದಿಲ್ಲ. ಯಾಕೆ ಎಂದು ಕೇಳಬೇಡ. ಆದರೆ ನಿನ್ನನ್ನು ಹಾಗೇ ಬಿಡುವವಳೂ ಅಲ್ಲ. ಎದುರುಗಾಲಿನವರು ಹೋಗಲಾಗದ ಕಡೆಗೆ ಅವರ ಮೆಟ್ಟು ಹೋಗುವ ರೂಢಿ ಅವ್ವನ ಕಾಲದಿಂದ ಇದೆ, ನಿನಗೂ ಗೊತ್ತಿರಬೇಕು. ನನ್ನ ಎಡಗಾಲಿನ ಮೆಟ್ಟನ್ನು ಇವತ್ತು ತಿಪ್ಪೇಸ್ವಾಮಿ ರಾಯದುರ್ಗದಲ್ಲಿ ಬಸ್ಸಿನ ಪಾರ್ಸೆಲಿಗೆ ಹಾಕುತ್ತಾನೆ. ಮಡಕಶಿರಾದಲ್ಲಿ ಇಳಿಸಿಕೊಳ್ಳಿ. ಪೂರ್ವಕ್ಕೆ ಮುಖ ಮಾಡಿ ಕೂತು, ನೋವಿರುವ ಜಾಗದಲ್ಲಿ ಬೇರೆಯವರ ಕೈಯಿಂದ ಒತ್ತಿಸಿಕೋ. ಬೇಕಾದರೆ ಆ ದುಂಡಕ್ಷರದವಳೇ ಒತ್ತಲಿ.

ಈ ಕಾಗದವನ್ನೂ ಪಾರ್ಸೆಲಿನಲ್ಲೇ ಇಡು ಅವ್ವಾ ಎಂದು ತಿಪ್ಪೇಸ್ವಾಮಿ ಹೇಳಿದ. ಬೈದೆ. ಅಕ್ಷರ ಎಂದರೆ ಸರಸ್ವತಿ. ಮೆಟ್ಟಿನ ಸಂಗಡ ಒಂದೇ ಚೀಲದಲ್ಲಿ ಸರಸ್ವತಿಯನ್ನು ಹಾಕುತ್ತಾರೆಯೇ? ಅದಕ್ಕೆ ಕಾಗದ ಟಪಾಲಿಗೆ, ಮೆಟ್ಟು ಬಸ್ಸಿಗೆ.

ಉಜ್ಜಿನಮ್ಮ


ರೊಳ್ಳ
18-2-2024

ಉಜ್ಜಿನಮ್ಮನವರಿಗೆ,

ನೀವು ಕಳಿಸಿದ ಉಡುಗೊರೆ ಮುಟ್ಟಿತು. ಪಾರ್ಸೆಲ್ ಬಂದಿದೆ ಎಂದು ಮಡಕಶಿರಾದಿಂದ ಬಸ್ಸಿನವರು ಫೋನ್ ಮಾಡಿದ್ದರು. ಅಕ್ಕನ ಮನೆಯಿಂದ ಏನೋ ಬಂದಿದೆ ಎಂದು ಹಿಗ್ಗಿ ಆಟೋ ಸ್ಟ್ಯಾಂಡಿನಲ್ಲೇ, ಎಲ್ಲರ ಎದುರಿಗೆ ಬಿಚ್ಚಿದೆ. ಸವೆದ ಒಂಟಿ ಮೆಟ್ಟು. ಒಂದು ಚೀಟಿಯೂ ಇಲ್ಲ. "ಏನ್ ಕದರಣ್ಣ, ಅಕ್ಕ ಬಸ್ಸಿನಾಗೇ ಮೆಟ್ಟಲ್ಲಿ ಒಡದ್ರಾ" ಎಂದು ನಕ್ಕರು.

ತವರು ಮರೆತಿರೆಂದು ತಿಳಿದಿದ್ದೆ. ಮರೆತಿಲ್ಲ, ಸಂತೋಷ. ನನ್ನ ಬೆನ್ನಿನ ಚಿಂತೆ ಬಿಡಿ.

ಕೆ. ಕದಿರಪ್ಪ


ರೊಳ್ಳ
27-2-2024

ಅಕ್ಕ,

ನಾನು ಹಾಕಿದ ಕಾರ್ಡು ಇನ್ನೂ ಬಂದಿರದಿದ್ದರೆ ಬಂದ ಕೂಡಲೇ ಒಲೆಗೆ ಹಾಕು. ಬಂದಿದ್ದರೆ ಅದನ್ನು ಬರೆದವನು ನಾನಲ್ಲ, ನನ್ನ ಸಿಟ್ಟು ಎಂದುಕೋ. ನಿನ್ನ ಕಾಗದ ನಿನ್ನೆ ಕೈಗೆ ಬಂತು. ಮೆಟ್ಟನ್ನು ದನದ ಕೊಟ್ಟಿಗೆಯ ಮೂಲೆಗೆ ಎಸೆದಿದ್ದೆ. ಹುಡುಕಿ ತಂದು ಒರೆಸಿದೆ. ನಿನ್ನ ಹೆಬ್ಬೆರಳಿನ ಗುರುತು ಹಾಗೇ ಇದೆ.

ಅರ್ಚನಾ ಮೊದಲು ಒಲ್ಲೆ ಎಂದಳು. ಗದರಿಸಿದೆ. ಒತ್ತಿದಳು. ಅಕ್ಕ, ಏನು ಹೇಳಲಿ, ಒತ್ತಿ ಮುಗಿಯುವ ಹೊತ್ತಿಗೆ ಕಲ್ಲು ಎತ್ತಿಟ್ಟ ಹಾಗೆ ನೋವು ಹೋಯಿತು! ಈಗ ತೋಟಕ್ಕೆ ಹೋಗುವಾಗ ಅದನ್ನು ಟವೆಲ್ಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತೇನೆ. ದಿಬ್ಬದಲ್ಲಿ ನೋವು ಬಂದರೆ ಹುಣಸೆ ಮರದ ಕೆಳಗೆ ಕೂತು, ಮರಕ್ಕೂ ಬೆನ್ನಿಗೂ ನಡುವೆ ಮೆಟ್ಟು ಇಟ್ಟು ಒರಗುತ್ತೇನೆ. ಒಂದು ಬೀಡಿ ಸೇದುವ ಹೊತ್ತು. ಹೋಗಿಬಿಡುತ್ತದೆ. ಪಕ್ಕದ ತೋಟದ ಸಣ್ಣಕ್ಕನೂ ಮಂಡಿಗೆ ಒತ್ತಿಸಿಕೊಂಡು ಹೋದಳು.

ಮಾರುತಿ ಹಿಂದೂಪುರಕ್ಕೆ ಹೋಗಲು ಕಾರು ಹೇಳಿದ್ದ. ಬೇಡ ಎಂದು ಕಳಿಸಿದೆ. ನಿನ್ನ ಕಾಲೇ ನನ್ನ ಸೊಂಟದಲ್ಲಿರುವಾಗ ಅಲ್ಲೇನು ಕೆಲಸ.

ಕದಿರಪ್ಪ


ಓಬಳಾಪುರ
9-3-2024

ಕದಿರಪ್ಪನಿಗೆ,

ಎರಡೂ ಬಂದವು. ಕಾರ್ಡನ್ನು ಓದಿ, ಉಪವಾಸದ ಶಿವರಾತ್ರಿಯಲ್ಲಿ ಬೈಯಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಇವತ್ತು ಎರಡನೆಯದು ಬಂತು, ಬದುಕಿದೆ.

ಈಗ ತಿಳಿಯಿತೇ ಕಾಲು ಯಾವುದೆಂದು? ಇದಕ್ಕೆ ವೈರು ಬೇಡ, ಪಟ್ಟಿ ಬೇಡ. ಹಿಂದೂಪುರಕ್ಕೆ ಹೋಗದಿದ್ದುದು ಒಳ್ಳೆಯದಾಯಿತು. ಅವರು ಇಲ್ಲದ ರೋಗ ಬರೆದು ಕೊಡುತ್ತಾರೆ. ಮೆಟ್ಟನ್ನು ನೀರಿಗೆ ತಾಗಿಸಬೇಡ. ಸಣ್ಣಕ್ಕನಿಗೆ ಹೇಳು, ಮಂಡಿಗೆಲ್ಲ ಅದು ನಡೆಯುವುದಿಲ್ಲ. ಮಂಡಿ ನೋವಿಗೆ ಏನೂ ನಡೆಯುವುದಿಲ್ಲ.

ನಮ್ಮೂರ ಹುಲುಗಪ್ಪ ಬಂದು ಹೊರಗೆ ಕೂತಿದ್ದಾನೆ. ಲಾರಿ ಓಡಿಸುವವನು, ಬೆನ್ನು ಹಿಡಿದಿದೆಯಂತೆ. "ಅವ್ವಾ, ಕಾಗದ ಆಮ್ಯಾಲ ಬರೀರಿ, ಇಲ್ಲಿ ಜೀವ ಹೊಂಟೈತಿ" ಎಂದು ಕೂಗುತ್ತಿದ್ದಾನೆ. ಯಾವಾಗಲೂ ತಮಾಷೆಯವನು. ಇಲ್ಲಿಗೆ ನಿಲ್ಲಿಸುತ್ತೇನೆ.

ಉಜ್ಜಿನಮ್ಮ


ಓಬಳಾಪುರ
14-3-2024

ಕದಿರ,

ಮೊದಲು ಆ ಮೆಟ್ಟನ್ನು ಎಸೆ. ಎಸೆದು ಆಮೇಲೆ ಮುಂದಕ್ಕೆ ಓದು.

ಹುಲುಗಪ್ಪ ಸತ್ತ.

ನಿನಗೆ ಕಾಗದ ಬರೆದು ಎದ್ದು ಹೊರಗೆ ಹೋದೆ. ಅಂಗಿ ಬಿಚ್ಚಿ ಬೋರಲು ಮಲಗಿದ್ದ. "ಏನಲೇ, ಲಾರಿ ನೀ ಓಡಸ್ತೀಯೋ, ಲಾರಿ ನಿನ್ನ ಮ್ಯಾಲ ಓಡತೈತೋ" ಎಂದೆ. "ನೀವು ಓಡ್ರಿ ಅವ್ವಾ, ಅಷ್ಟ ಸಾಕು" ಎಂದ. ಕಾಲಿಟ್ಟೆ. ನೀರು ತುಂಬಿದ ಗಡಿಗೆಯ ಮೇಲೆ ಕಾಲಿಟ್ಟ ಹಾಗಾಯಿತು. ಅಷ್ಟು ತಣ್ಣಗೆ, ಅಷ್ಟು ಒದ್ದೆ.

"ಯಾಕಲೇ ಇಷ್ಟು ಬೆವತೀದಿ?"

"ಬಿಸಿಲಾಗ ಬಂದೀನ್ರಿ."

ತುಳಿದೆ. ಸ್ವಲ್ಪ ಹೊತ್ತು ಹಾಗೇ ಮಲಗಿದ್ದು ಎದ್ದ. "ಬೆನ್ನು ಹಗುರಾತ್ರಿ" ಎಂದು ನಕ್ಕು ಅಂಗಿ ಹಾಕಿಕೊಂಡು ಹೋದ. ಹೆಂಡತಿ ಮಂಜಮ್ಮ ಆಸ್ಪತ್ರೆಗೆ ಹೋಗಿ ಬಾ ಎಂದಳಂತೆ. "ಅವ್ವ ತುಳದಾಳ, ಮುಗೀತು" ಎಂದನಂತೆ. ಮರುದಿನ ಬೆಳಿಗ್ಗೆ ಲಾರಿಯ ಟೈರಿಗೆ ಅಡ್ಡ ಕಲ್ಲು ಕೊಡಲು ಬಗ್ಗಿದವನು ಏಳಲಿಲ್ಲ.

ಊರಿನಲ್ಲಿ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅವನ ಆಯಸ್ಸು ಅಷ್ಟೇ ಅಂದರು. ಮಂಜಮ್ಮ ನನ್ನನ್ನೇ ತಬ್ಬಿಕೊಂಡು ಅತ್ತಳು. ಅದನ್ನು ನನ್ನ ಕೈಲಿ ತಡೆಯಲಾಗಲಿಲ್ಲ. ತಿಪ್ಪೇಸ್ವಾಮಿಯ ಬೈಕಿನಲ್ಲಿ ರಾಯದುರ್ಗದ ಆಸ್ಪತ್ರೆಗೆ ಹೋದೆ. ಅಲ್ಲಿ ಇದ್ದವಳು ಒಬ್ಬ ಹುಡುಗಿ ಡಾಕ್ಟರು. ಹುಲುಗಪ್ಪನನ್ನು ಕೊನೆಗೆ ತಂದಾಗ ನೋಡಿದವಳು ಅವಳೇ. ಕೇಳಿದೆ.

"ಬೆನ್ನ ನೋವಿಗೆ ಮನಷಾ ಸಾಯ್ತಾನೇನ್ರಿ?"

"ಅದು ಬೆನ್ನ ನೋವಲ್ಲವ್ವಾ, ಗುಂಡೆ ನೋವು. ಹಾರ್ಟಿಂದು" ಎಂದಳು. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು. ಹೃದಯದ ನೋವು ಎಲ್ಲರಿಗೂ ಎದೆಯಲ್ಲೇ ಬರುವುದಿಲ್ಲವಂತೆ. ಕೆಲವರಿಗೆ ಬೆನ್ನಿಗೆ, ಕೆಲವರಿಗೆ ಎಡತೋಳಿಗೆ, ದವಡೆಗೆ. ಬಗ್ಗಿದರೆ ತಿರುಗಿದರೆ ಹಿಡಿಯುವುದು, ಬೆರಳಿಟ್ಟು ಒತ್ತಿದರೆ ಹೆಚ್ಚುವುದು ಸಾಮಾನ್ಯವಾಗಿ ಮಾಂಸದ್ದು, ಮೂಳೆಯದ್ದು. ಉಂಡು ಮಲಗಿದಾಗ ಎದೆ ಉರಿದರೆ ಹೆಚ್ಚಾಗಿ ಹುಳಿ. "ಆದ್ರ ನಡದಾಗ ಬಂದು ಕೂತಾಗ ಹೋಗೋದು, ಅದರ ಜೋಡಿ ತಣ್ಣನ ಬೆವರು, ಅದನ್ನ ಮನ್ಯಾಗ ಇಟಗೋಬಾರದವ್ವಾ. ಅನುಮಾನ ಬಂದ್ರೂ ಸಾಕು, ಓಡಿ ಬರಬೇಕು. ಪಟ್ಟಿ ತೆಗದು ನಾವು ನೋಡ್ತೀವಿ."

"ನಾ ತುಳದೀನ್ರಿ ಅವನ್ನ. ಹಗುರಾತು ಅಂತ ಮನಿಗೆ ಹ್ವಾದ. ತುಳದಿದ್ದಕ್ಕ ಸತ್ನೇನು?"

ಅವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಆಮೇಲೆ ಹೇಳಿದಳು: "ತುಳದಿದ್ದಕ್ಕಲ್ಲ. ಹಗುರಾತು ಅಂತ ಮನಿಗೆ ಹೋದನಲ್ಲ, ಅದಕ್ಕ."

ಮನೆಗೆ ಬಂದು ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಹೊತ್ತರೆ ನೋವು, ಕೂತರೆ ಹೋಗುತ್ತದೆ. ಮೊದಲನೆಯದರಲ್ಲೇ ಬರೆದಿದ್ದೀಯ. ತೋಳು ಬರೆದಿದ್ದೀಯ, ದವಡೆ ಬರೆದಿದ್ದೀಯ. ಬೆವರನ್ನು ನೀನು ಬಚ್ಚಿಟ್ಟೆ, ಆ ಹುಡುಗಿ ಬರೆದಳು. ನಾನು ಅವಳ ಅಕ್ಷರ ದುಂಡಗಿದೆ ಎಂದೆ.

ಮೆಟ್ಟು ನಿನ್ನ ನೋವನ್ನು ಕಳೆಯುತ್ತಿಲ್ಲ ಕದಿರ. ಮೆಟ್ಟು ಇಟ್ಟುಕೊಳ್ಳಲು ನೀನು ಮರದ ಕೆಳಗೆ ಕೂರುತ್ತೀಯಲ್ಲ, ಆ ಕೂರುವುದಕ್ಕೆ ಅದು ಹೋಗುತ್ತದೆ. ನಾಳೆ ಕೂತರೂ ಹೋಗದ ದಿನ ಬರುತ್ತದೆ. ಹುಲುಗಪ್ಪನಿಗೆ ಬಂದ ಹಾಗೆ.

ಕಾಗದ ಮುಟ್ಟುವವರೆಗೆ ಕಾಯುವುದಿಲ್ಲ. ಈಗಲೇ ಅರ್ಚನಾಳಿಗೆ ಫೋನ್ ಮಾಡಿಸುತ್ತೇನೆ. ಅವಳ ಮೇಲೆ ಆಣೆ ಇಲ್ಲ. ಅವಳು ಹೇಳಿದ್ದನ್ನು ನಾನು ಹೇಳಿದೆ ಎಂದು ತಿಳಿದು ಆಸ್ಪತ್ರೆಗೆ ನಡೆ.

ಉಜ್ಜಿನಮ್ಮ


ಓಬಳಾಪುರ
16-3-2024

ಕದಿರ,

ಅರ್ಚನಾ ಫೋನಿನಲ್ಲಿ ಅಳುತ್ತಿದ್ದಳು. "ಅಕ್ಕ ಅಂಗನ್ನಲ್ಲ. ನೀನೇ ಕತೆ ಕಟ್ಟಿ ಏಳ್ತಿದ್ದೀಯ. ಅಕ್ಕನ ಕಾಲಿನ ಮ್ಯಾಗೆ ಅಕ್ಕನೇ ಕಲ್ಲಾಕ್ತಾಳಾ?" ಎಂದೆಯಂತೆ. ಮೆಟ್ಟು ಕಟ್ಟಿಕೊಂಡು ಮತ್ತೆ ತೋಟಕ್ಕೆ ಹೋದೆಯಂತೆ.

ನಾಳೆ ಮೊದಲನೆಯ ಬಸ್ಸಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮುಂಚೆ ನಾನೇ ಬಂದಿರುತ್ತೇನೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಯಾಕೆಂದರೆ ಕೈ ಸುಮ್ಮನಿರುತ್ತಿಲ್ಲ. ಬಸ್ಸು ಹತ್ತಿ ಇಳಿಯುವವರೆಗೆ ನೀನು ಇರು. ಇಷ್ಟೇ.

ಉಜ್ಜಿ


ರೊಳ್ಳ
12-4-2024

ಅಕ್ಕನಿಗೆ ಕದಿರಪ್ಪನ ನಮಸ್ಕಾರ.

ಇನ್ನು ಫೋನಿನಲ್ಲೇ ಮಾತಾಡಬಹುದು. ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಜಾಸ್ತಿ ಅಳಬಾರದೆಂದು ಡಾಕ್ಟರು ಹೇಳಿದ್ದಾರೆ.

ನೀನು ಬಂದ ದಿನ ನಾನು ಹುಣಸೆ ಮರದ ಕೆಳಗಿದ್ದೆ. ಕೂತು ಬಹಳ ಹೊತ್ತಾಗಿತ್ತು. ಮೆಟ್ಟು ಬೆನ್ನಿಗಿತ್ತು. ನೋವು ಹೋಗಿರಲಿಲ್ಲ. ಅದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹಿಂದಿನ ದಿನದಿಂದಲೇ ಅದು ಕೂತರೂ ಹೋಗುತ್ತಿರಲಿಲ್ಲ. ಹೇಳಿದರೆ ನಿನ್ನ ಕಾಲಿಗೆ ಕೆಟ್ಟ ಹೆಸರು ಎಂದು ಸುಮ್ಮನಿದ್ದೆ.

ಅರ್ಚನಾ ನಿನ್ನನ್ನು ಕರೆತಂದ ಆಟೋ ಬಂದು ನಿಂತಿತು. ನೀನು ಇಳಿದು ಕಂಬಿ ಹಿಡಿದು ನಿಂತೆ. ಕೂದಲೆಲ್ಲ ಬೆಳ್ಳಗಾಗಿತ್ತು, ಮೊದಲು ಅವ್ವನೇ ಎಂದುಕೊಂಡೆ. ನಾನು ಬಾಯಿ ಬಿಡಲಿಲ್ಲ. ಆಣೆಗೆ ಹೆದರಿದವನು ನಾನು. ನೀನು ಬಾಯಿ ಬಿಟ್ಟೆ. ಬಳ್ಳಾರಿ ಕಡೆಯ ಮಾತೆಲ್ಲ ಎಲ್ಲಿ ಹೋಯಿತೋ, ನಮ್ಮ ಅವ್ವನ ಮಾತಿನಲ್ಲೇ ಕೂಗಿದೆ: "ಬಿಸಾಕ್ಲಾ ಕದರ ಅದ. ಅದ್ರಾಗೇನೂ ಇಲ್ಲ ಕಣೋ. ನನ್ ಕಾಲ್ನಾಗೂ ಏನೂ ಇಲ್ಲ. ಏಳು, ನಡಿ."

ಹೇಳಿ ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟೆ. ಬಿದ್ದೆ.

ಒಂದೇ ಆಟೋದಲ್ಲಿ ನಮ್ಮಿಬ್ಬರನ್ನೂ ಎತ್ತಿ ಹಾಕಿದರು. ನಾನು ಎದೆ ಹಿಡಿದುಕೊಂಡಿದ್ದೆ, ನೀನು ಕಾಲು ಹಿಡಿದುಕೊಂಡಿದ್ದೆ. ಅರ್ಚನಾ ನಡುವೆ ಕೂತು ಇಬ್ಬರನ್ನೂ ಹಿಡಿದುಕೊಂಡಿದ್ದಳು. ಹಿಂದೂಪುರದಲ್ಲಿ ಪಟ್ಟಿ ನೋಡಿದ ಕೂಡಲೇ ಅನಂತಪುರಕ್ಕೆ ಕಳಿಸಿದರು. ಹೃದಯದ ನರದಲ್ಲಿ ಮುಚ್ಚಿದ್ದನ್ನು ಬಿಡಿಸಿ ಸ್ಟೆಂಟ್ ಎನ್ನುವ ಜಾಲರಿ ಇಟ್ಟರು. ಜೀವ ಉಳಿಯಿತು. ಆದರೆ ತಡವಾಗಿತ್ತು, ಹೃದಯದ ಒಂದು ಮೂಲೆ ಆಗಲೇ ಸತ್ತಿದೆಯಂತೆ. ಅದು ಮತ್ತೆ ಬರುವುದಿಲ್ಲವಂತೆ. ಇನ್ನು ಹೊರೆ ಹೊರುವ ಹಾಗಿಲ್ಲ, ದಿಬ್ಬ ಹತ್ತುವ ಹಾಗಿಲ್ಲ. ಅಂಗಳದಲ್ಲಿ ಬೇವಿನ ಮರದವರೆಗೆ ಹೋಗಿ ಬರುತ್ತೇನೆ. ಯುಗಾದಿಗೆ ಬೇವಿನ ಹೂ ನಾನೇ ಕಿತ್ತು ತಂದೆ.

ನೀನು ಆಸ್ಪತ್ರೆಯಲ್ಲಿ ಗಾಲಿ ಕುರ್ಚಿಯಲ್ಲಿ ಬಂದು ನನ್ನ ಮಂಚದ ಪಕ್ಕ ಕೂತೆ. ಕಾಲಿಗೆ ಏನಾಯಿತು ಎಂದರೆ ಬಾಯಿ ಮುಚ್ಚು ಎಂದೆ. ಊರಿಗೂ ನಿನ್ನನ್ನು ಮಾರುತಿ ಎತ್ತಿಕೊಂಡೇ ಬಿಟ್ಟು ಬಂದ. ನಾನು ತಿಳಿಯದವನಲ್ಲ. ಆಣೆ ತಗಲಿತು. ಮೊದಲು ಮಾತಾಡಿದವರ ಕಾಲು ಎಂದಿದ್ದೆವು. ನನ್ನ ಜೀವಕ್ಕೆ ನಿನ್ನ ಕಾಲು ಕೊಟ್ಟೆ. ಬೊಮ್ಮಣ್ಣನನ್ನು ಕೇಳಿದೆ, ತಪ್ಪು ಕಾಣಿಕೆ ಇಟ್ಟರೆ ಬಿಡುಗಡೆ ಆಗಬಹುದು ಎಂದ. ಏನು ಬೇಕಾದರೂ ಮಾಡುತ್ತೇನೆ.

ನಿನ್ನ ಮೆಟ್ಟನ್ನು ಆಸ್ಪತ್ರೆಯಲ್ಲಿ ನನ್ನ ಸೊಂಟದಿಂದ ಬಿಚ್ಚಿ ಅರ್ಚನಾಳ ಕೈಗೆ ಕೊಟ್ಟರಂತೆ. ಮನೆಯಲ್ಲಿದೆ. ಸುಡಲೋ, ಹೊಳೆಗೆ ಬಿಡಲೋ, ಬರೆ.

ಕದಿರಪ್ಪ


ಓಬಳಾಪುರ
24-4-2024

ಕದಿರಪ್ಪನಿಗೆ,

ನಿನಗೆ ಹೃದಯದ ಮೂಲೆ ಸತ್ತಿದೆಯೋ ಬುದ್ಧಿಯ ಮೂಲೆಯೋ?

ಆಣೆ ತಗಲಿಲ್ಲ. ಬೊಮ್ಮಣ್ಣನಿಗೆ ಒಂದು ತೆಂಗಿನಕಾಯಿಯನ್ನೂ ಕೊಡಬೇಡ. ನನ್ನ ಕಾಲು ಆ ಹುಣಸೆ ಮರದ ಹತ್ತಿರ ಬಿದ್ದುಹೋಗಿದ್ದಲ್ಲ. ಹೋಗಿ ಎರಡು ವರ್ಷವಾಗಿತ್ತು. ಎರಡೂ ಮಂಡಿ. ಎದ್ದರೆ ನೋವು, ಕೂತರೆ ನೋವು, ಮೆಟ್ಟಿಲು ಇಳಿದರೆ ಒಳಗೆ ಮರಳು ಅರೆದ ಶಬ್ದ. ರಾಯದುರ್ಗದ ಆ ಡಾಕ್ಟರು ಹುಡುಗಿ ಮಂಡಿಯ ಎಕ್ಸರೇ ಫೋಟೋ ತೆಗೆಸಿ ತೋರಿಸಿದಳು. ಮೂಳೆಯ ನಡುವಿನ ಮೆತ್ತೆ ಸವೆದು, ಮೂಳೆ ಮೂಳೆಗೇ ತಿಕ್ಕುತ್ತಿದೆ. ಕುರಿ ಹಿಂದೆ ತಿರುಗಿದ ವಯಸ್ಸು, ನೀರು ಹೊತ್ತ ವಯಸ್ಸು, ಅಷ್ಟೇ ಎಂದಳು. ದೇವರು ಮಾಡಿದ್ದಲ್ಲ. ನಿನ್ನ ದಿಬ್ಬದಲ್ಲಿ ಬಸ್ಸಿನ ಕುಲುಕಾಟಕ್ಕೆ ಸೋತಿದ್ದ ಮಂಡಿ ಮಡಚಿತು, ಬಿದ್ದೆ.

ಯಾರಿಗೂ ಹೇಳಿರಲಿಲ್ಲ. ಗೋಡೆ ಹಿಡಿದುಕೊಂಡು ಜನರ ಬೆನ್ನ ಮೇಲೆ ಒಂದೇ ಕಾಲಿಡುತ್ತಿದ್ದೆ, ಅದನ್ನೂ ಪೂರ್ತಿ ಊರುತ್ತಿರಲಿಲ್ಲ. ತುಳಿಯುವವಳ ಕಾಲೇ ನೋಯುತ್ತದೆ ಎಂದರೆ ಜಗಲಿಗೆ ಯಾರು ಬರುತ್ತಾರೆ? ನೀನು ಬಾ ಎಂದು ಬರೆದಾಗ ಬರಲಿಲ್ಲವಲ್ಲ, ಅದು ಹೇಮಾಳ ಸಿಟ್ಟಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹೇಳಲು ನಾಚಿಕೆ. ನೀನು ಸಿಟ್ಟು ಎಂದುಕೊಂಡೆ. ಹಾಗೇ ಅಂದುಕೊಳ್ಳಲಿ, ಮಂಡಿಗಿಂತ ಸಿಟ್ಟಿಗೆ ಮರ್ಯಾದೆ ಹೆಚ್ಚು ಎಂದು ಬಿಟ್ಟೆ. ಕಾಲು ಬರಲಾರದೆ ಮೆಟ್ಟು ಕಳಿಸಿದೆ. ಇಬ್ಬರೂ ನೋವು ಬಚ್ಚಿಟ್ಟೆವು, ನಡುವೆ ಹುಲುಗಪ್ಪ ಹೋದ. ಅವನು ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ಜೀವ ಹೊಂಟೈತಿ ಎಂದು ಕೂಗಿಯೇ ಹೇಳಿದ್ದ.

ಈಗಲೂ ಜನ ಬರುತ್ತಾರೆ. ಬೋರಲು ಮಲಗುವ ಮುಂಚೆ ಕೇಳುತ್ತೇನೆ: ಒತ್ತಿದರೆ ನೋವೋ, ನಡೆದರೆ ನೋವೋ, ಬೆವರು ಬರುತ್ತದೋ. ಏನೇ ಹೇಳಲಿ, ಆಸ್ಪತ್ರೆ ದಾರಿ ತೋರಿಸುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ. ಮುದುಕಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ. ಅನ್ನಲಿ. ಮಂಜಮ್ಮ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಾಳೆ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ, ಬೆವರನ್ನೂ. ಹೇಳಿದ ಮೇಲೆ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದಳು. ಕತ್ತಲಾಗುವವರೆಗೆ ಕೂತು ಎದ್ದು ಹೋಗುತ್ತಾಳೆ.

ಮಾತ್ರೆ ತಪ್ಪಿಸಬೇಡ. ಬೀಡಿ ಬಿಟ್ಟೆಯೋ ಇಲ್ಲವೋ, ಅರ್ಚನಾ ಬರೆಯಲಿ. ನೀನು ಬರೆದರೆ ನಂಬುವುದಿಲ್ಲ. ಹೇಮಾಳನ್ನು ಕೊಟ್ಟಿದ್ದರೆ ಅವಳು ನನ್ನ ಹಾಗೆಯೇ ಮೆಟ್ಟಿನ ಪರ ನಿಲ್ಲುತ್ತಿದ್ದಳು. ಇದನ್ನು ಅರ್ಚನಾಳಿಗೆ ಓದಿ ಹೇಳು. ಎರಡು ಸಲ ಓದು.

ಮೆಟ್ಟನ್ನು ಸುಡಬೇಡ, ಹೊಳೆಗೂ ಬಿಡಬೇಡ. ಅದರ ಜೊತೆಯದು ಇಲ್ಲಿ ಬಾಗಿಲ ಹಿಂದೆ ಒಂಟಿಯಾಗಿ ಬಿದ್ದಿದೆ. ನಾನು ಬರಿಗಾಲಲ್ಲಿ ಕೋಲು ಊರಿಕೊಂಡು ಓಡಾಡುತ್ತಿದ್ದೇನೆ, ಅಂಗಳದ ಕಲ್ಲು ಚುಚ್ಚುತ್ತದೆ. ಪಾರ್ಸೆಲ್ ಮಾಡಬೇಡ, ನಿನ್ನ ಊರಿನವರು ಮತ್ತೆ ನಕ್ಕಾರು. ಡಾಕ್ಟರು ಬಸ್ಸು ಹತ್ತಬಹುದು ಎಂದ ದಿನ ನೀನೇ ತೆಗೆದುಕೊಂಡು ಬಾ.

ಅದು ಕಾಲಿಗೆ ಹಾಕುವ ಮೆಟ್ಟು. ಕಾಲಿಗೆ ಹಾಕಿಕೊಳ್ಳುತ್ತೇನೆ.

ನಿನ್ನ ಅಕ್ಕ
ಉಜ್ಜಿನಮ್ಮ